ಪಟ್ಟಿಯಲ್ಲಿ ಇಲ್ಲದ ಮಗು: ಪೋಲಿಯೊ ಹನಿ ಕೊನೆಯ ಮನೆಗೆ ತಲುಪೋದು ಯಾಕೆ ಇಷ್ಟು ಕಷ್ಟ?

ಪೋಲಿಯೊ ಭಾನುವಾರ ಮುಗಿದ ಮೇಲೆ ಮನೆ ಬಾಗಿಲಿಗೆ ಇಬ್ಬರು ಬರುತ್ತಾರೆ. ಒಬ್ಬರ ಹೆಗಲಿಗೆ ಲಸಿಕೆಯ ಡಬ್ಬಿ ತೂಗಿರುತ್ತದೆ. ಇನ್ನೊಬ್ಬರ ಕೈಯಲ್ಲಿ ಒಂದು ಹಾಳೆ, ಒಂದು ತುಂಡು ಸೀಮೆಸುಣ್ಣ. "ಐದು ವರ್ಷದೊಳಗಿನ ಮಕ್ಕಳು ಇದ್ದಾರೇನಮ್ಮಾ?" "ಇಬ್ಬರು ಇದ್ದಾರೆ, ಬೂತ್‌ನಲ್ಲೇ ಹಾಕಿಸಿದ್ವಿ." ಕಿರುಬೆರಳಿನ ಶಾಯಿ ನೋಡುತ್ತಾರೆ, ಗೋಡೆಗೆ ಗುರುತು ಹಾಕುತ್ತಾರೆ, ಮುಂದಿನ ಮನೆಗೆ ಹೋಗುತ್ತಾರೆ.

ಅದೇ ಮನೆಯ ಒಳಕೋಣೆಯಲ್ಲಿ ಹದಿನೈದು ದಿನದ ಕೂಸು ಮಲಗಿರಬಹುದು. ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಮನೆಯವರು ಸುಳ್ಳು ಹೇಳಲಿಲ್ಲ. ಅವರ ಲೆಕ್ಕದಲ್ಲಿ ಆ ಕೂಸು ಅಳಿಯನ ಮನೆಯದು. ಅಳಿಯನ ಊರಿನಲ್ಲಿ ಕೇಳಿದರೆ, ಮಗು ತವರಿನಲ್ಲಿದೆ ಅನ್ನುತ್ತಾರೆ. ಹೀಗೆ ಎರಡು ಊರಿಗೂ ಸೇರಿದ ಮಗು ಎರಡು ಊರಿನ ಪಟ್ಟಿಯಲ್ಲೂ ಇರುವುದಿಲ್ಲ.

ಪೋಲಿಯೊ ವರದಿಗಳಲ್ಲಿ "ತಲುಪಲು ಕಷ್ಟವಾದ ಸಮುದಾಯಗಳು" ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೇಳಿದ ಕೂಡಲೇ ಬೆಟ್ಟ ಹತ್ತಿ, ಹೊಳೆ ದಾಟಿ ಹೋಗಬೇಕಾದ ಊರು ಕಣ್ಣ ಮುಂದೆ ಬರುತ್ತದೆ. ಅಂಥ ಊರುಗಳು ಖಂಡಿತ ಇವೆ. ಆದರೆ ಹನಿ ಸಿಗದೆ ಉಳಿದ ಎಷ್ಟೋ ಮಕ್ಕಳು ದೂರದಲ್ಲಿದ್ದ ಕಾರಣಕ್ಕೆ ಉಳಿದವರಲ್ಲ. ಅವರನ್ನು ಯಾರೂ ಎಣಿಸಿರಲಿಲ್ಲ. ಇಲ್ಲವೇ ಬಾಗಿಲು ತಟ್ಟಿದವರನ್ನು ಮನೆಯವರು ನಂಬಲಿಲ್ಲ. ಮಗುವನ್ನು ಎಣಿಸುವುದು, ನಂಬಿಕೆ ಗಳಿಸುವುದು, ಇವೆರಡೂ ಹನಿ ಹಾಕುವುದಕ್ಕಿಂತ ಮೊದಲು ಆಗಬೇಕಾದ ಕೆಲಸಗಳು. ಇವು ಆದ ಕಡೆ ಪೋಲಿಯೊ ಹೋಯಿತು. ಆಗದ ಕಡೆ ಇವತ್ತಿಗೂ ಉಳಿದಿದೆ.

ಉಳಿದ ಐದು ಮಕ್ಕಳು ಎಲ್ಲಿದ್ದಾರೆ?

1988ರಲ್ಲಿ ಪೋಲಿಯೊವನ್ನು ಭೂಮಿಯಿಂದಲೇ ತೊಲಗಿಸಬೇಕು ಅಂತ ವಿಶ್ವ ಆರೋಗ್ಯ ಸಭೆ ತೀರ್ಮಾನ ಮಾಡಿತು. ಆಗ 125ಕ್ಕೂ ಹೆಚ್ಚು ದೇಶಗಳಲ್ಲಿ ವರ್ಷಕ್ಕೆ ಸುಮಾರು 3.5 ಲಕ್ಷ ಮಕ್ಕಳು ಈ ರೋಗದಿಂದ ಕೈಕಾಲಿನ ಶಕ್ತಿ ಕಳೆದುಕೊಳ್ಳುತ್ತಿದ್ದರು. ಈಗ ಕಾಡು ಪೋಲಿಯೊ ವೈರಸ್ (ಅಂದರೆ ಲಸಿಕೆಯಿಂದ ಹುಟ್ಟಿದ್ದಲ್ಲದ, ಪ್ರಕೃತಿಯಲ್ಲೇ ಇರುವ ವೈರಸ್) ಬೇರು ಬಿಟ್ಟಿರುವುದು ಪಾಕಿಸ್ತಾನ ಮತ್ತು ಅಫ್ಘಾನಿಸ್ತಾನದಲ್ಲಿ ಮಾತ್ರ. ಮೂರು ಬಗೆಯ ವೈರಸ್‌ಗಳಲ್ಲಿ ಎರಡು ಹೋಗಿವೆ. ಎರಡನೇ ಬಗೆ ಹೋಯಿತು ಅಂತ 2015ರಲ್ಲಿ, ಮೂರನೇ ಬಗೆ ಹೋಯಿತು ಅಂತ 2019ರಲ್ಲಿ ಘೋಷಣೆಯಾಯಿತು. ಇನ್ನು ಸ್ವಲ್ಪವೇ ಉಳಿದಿದೆ ಅನ್ನಿಸುತ್ತದೆ, ಅಲ್ವಾ? ಆ "ಸ್ವಲ್ಪ" ಇಪ್ಪತ್ತು ವರ್ಷದಿಂದ ಹಾಗೇ ಉಳಿದಿದೆ.

ಕಾರಣ ಈ ವೈರಸ್ಸಿನ ಗುಣದಲ್ಲೇ ಇದೆ. ಅದು ಮಲದಿಂದ ನೀರಿಗೆ, ಕೈಗೆ, ಅಲ್ಲಿಂದ ಇನ್ನೊಬ್ಬರ ಬಾಯಿಗೆ ಹೋಗುತ್ತದೆ. ಸೋಂಕು ತಗುಲಿದ ಸುಮಾರು 200 ಜನರಲ್ಲಿ ಒಬ್ಬರಿಗೆ ಮಾತ್ರ ಲಕ್ವ ಹೊಡೆಯುತ್ತದೆ. ಉಳಿದವರು ಆರಾಮಾಗಿ ಓಡಾಡಿಕೊಂಡೇ ವೈರಸ್ ಹರಡುತ್ತಾರೆ. ಒಂದು ಮಗುವಿನ ಕಾಲು ಸೋತಿದೆ ಅಂತ ಗೊತ್ತಾಗುವ ಹೊತ್ತಿಗೆ ಸುತ್ತಲಿನ ನೂರಾರು ಜನರ ಕರುಳಿನಲ್ಲಿ ವೈರಸ್ ಹಾದುಹೋಗಿರುತ್ತದೆ.

ಇಂಥ ರೋಗದಲ್ಲಿ ಸರಾಸರಿ ಲೆಕ್ಕ ನಮ್ಮನ್ನು ಮೋಸಗೊಳಿಸುತ್ತದೆ. "ಜಿಲ್ಲೆಯಲ್ಲಿ ನೂರಕ್ಕೆ 95 ಮಕ್ಕಳಿಗೆ ಹನಿ ಹಾಕಿದ್ದೇವೆ" ಅಂದರೆ ಖುಷಿಯ ಸುದ್ದಿಯೇ. ಆದರೆ ಉಳಿದ ಐದು ಮಕ್ಕಳು ಎಲ್ಲಿದ್ದಾರೆ? ಐವರೂ ಐದು ಬೇರೆ ಬೇರೆ ಊರಲ್ಲಿದ್ದರೆ ವೈರಸ್‌ಗೆ ಒಬ್ಬರಿಂದ ಇನ್ನೊಬ್ಬರಿಗೆ ಹೋಗಲು ದಾರಿ ಸಿಗುವುದಿಲ್ಲ. ಹಾಗೆ ಉಳಿದವರೆಲ್ಲ ಒಂದೇ ಕೇರಿಯಲ್ಲಿ, ಒಂದೇ ಇಟ್ಟಿಗೆ ಭಟ್ಟಿಯಲ್ಲಿ, ಒಂದೇ ಗುಡಿಸಲು ಸಾಲಿನಲ್ಲಿ ಇದ್ದರೆ ವೈರಸ್‌ಗೆ ಅದೇ ಮನೆ. ಸಾಮಾನ್ಯವಾಗಿ ಆಗುವುದು ಹೀಗೆಯೇ. ಬಡತನ, ವಲಸೆ, ಸರ್ಕಾರದ ಮೇಲಿನ ಅಪನಂಬಿಕೆ ಇವೆಲ್ಲ ಒಂದೊಂದು ಮನೆಗೆ ಬಿಡಿಬಿಡಿಯಾಗಿ ಬರುವುದಿಲ್ಲ, ಇಡೀ ಕೇರಿಗೆ ಒಟ್ಟಿಗೆ ಬರುತ್ತವೆ.

ಕೋಸಿ ನದಿಯ ಮರಳು, ಮೊರಾದಾಬಾದಿನ ಓಣಿ

ಭಾರತದಲ್ಲಿ ಪಲ್ಸ್ ಪೋಲಿಯೊ ದೇಶವ್ಯಾಪಿಯಾಗಿ ಶುರುವಾಗಿದ್ದು 1995ರಲ್ಲಿ. ದೇಶದ ಬಹುತೇಕ ಕಡೆ ರೋಗ ಬೇಗ ಇಳಿಯಿತು. ಆದರೆ ಪಶ್ಚಿಮ ಉತ್ತರ ಪ್ರದೇಶ ಮತ್ತು ಮಧ್ಯ ಬಿಹಾರ ಬಗ್ಗಲಿಲ್ಲ. 2002ರಲ್ಲಿ ದೇಶದಲ್ಲಿ 1,600 ಪ್ರಕರಣ ಬಂದವು, ಹೆಚ್ಚಿನವು ಉತ್ತರ ಪ್ರದೇಶದಲ್ಲಿ. 2009ರಲ್ಲೂ 741 ಪ್ರಕರಣ. ಆ ವರ್ಷ ಇಡೀ ಜಗತ್ತಿನ ಕಾಡು ಪೋಲಿಯೊ ಪ್ರಕರಣಗಳಲ್ಲಿ ಅರ್ಧದಷ್ಟು ಭಾರತದವೇ ಆಗಿದ್ದವು. ಪೋಲಿಯೊ ಕೊನೆಗೆ ಉಳಿಯುವುದು ಭಾರತದಲ್ಲೇ ಅಂತ ಪರಿಣತರು ಮಾತಾಡಿಕೊಳ್ಳುತ್ತಿದ್ದ ಕಾಲ ಅದು.

ಬಿಹಾರದ ಕೋಸಿ ನದಿಯನ್ನು ನೋಡೋಣ. ಪ್ರತಿ ವರ್ಷ ಪಾತ್ರ ಬದಲಿಸುವ ನದಿ. ಎರಡು ಒಡ್ಡುಗಳ ನಡುವಿನ ಮರಳಿನಲ್ಲೇ ಲಕ್ಷಾಂತರ ಜನ ಬದುಕುತ್ತಾರೆ. ನೀರು ಇಳಿದಾಗ ಹೊಲದ ಪಕ್ಕ ಗುಡಿಸಲು ಹಾಕಿಕೊಳ್ಳುತ್ತಾರೆ. ಅದಕ್ಕೆ ಅಲ್ಲಿ "ಬಾಸಾ" ಅಂತಾರೆ. ಈ ವರ್ಷ ಇದ್ದ ಬಾಸಾ ಮುಂದಿನ ವರ್ಷ ಇರುವುದಿಲ್ಲ. ಕಂದಾಯ ದಾಖಲೆಯ ಊರಿನ ಹೆಸರು ಹಿಡಿದು ಹೊರಟ ತಂಡಕ್ಕೆ ಆ ಮಕ್ಕಳು ಹೇಗೆ ಸಿಗಬೇಕು? ಬೆಳಿಗ್ಗೆ ಬ್ಲಾಕ್ ಆಸ್ಪತ್ರೆಯಿಂದ ಐಸ್ ತುಂಬಿದ ಡಬ್ಬಿ ಹೊತ್ತು, ದೋಣಿ ದಾಟಿ, ಮರಳಿನಲ್ಲಿ ನಡೆದು ತಲುಪುವಷ್ಟರಲ್ಲಿ ವಾಪಸ್ ಹೊರಡುವ ಹೊತ್ತಾಗಿರುತ್ತಿತ್ತು.

ಅಲ್ಲಿ ದಾರಿ ತೆರೆದಿದ್ದು ಹೊಸ ಔಷಧಿಯಿಂದಲ್ಲ. ನದಿಯ ಒಳಗೇ ಸಣ್ಣ ಸಣ್ಣ ಕಚೇರಿಗಳನ್ನು ಮಾಡಿದರು. ಲಸಿಕೆ, ಐಸ್, ಮೇಲ್ವಿಚಾರಕರು ಎಲ್ಲ ಅಲ್ಲೇ. ತಂಡಗಳು ರಾತ್ರಿ ಅಲ್ಲೇ ಉಳಿದವು. ಬಾಸಾಗಳನ್ನು ಪ್ರತಿ ಸುತ್ತಿಗೂ ಹೊಸದಾಗಿ ಹುಡುಕಿ ನಕ್ಷೆಗೆ ಸೇರಿಸಿದರು. ಕೆಲಸಕ್ಕೆ ಹೋಗುವ ಮೊದಲು ಪಟ್ಟಿ ತಿದ್ದುವುದೇ ಒಂದು ಕೆಲಸವಾಯಿತು. ಹೇಳೋದಕ್ಕೆ ಸುಲಭ. ಸೊಂಟದ ತನಕ ನೀರಿನಲ್ಲಿ ಡಬ್ಬಿ ತಲೆ ಮೇಲೆ ಹೊತ್ತು ನಡೆದವರಿಗೆ ಮಾತ್ರ ಗೊತ್ತು ಅದರ ಕಷ್ಟ.

ಪಶ್ಚಿಮ ಉತ್ತರ ಪ್ರದೇಶದ ಕಥೆ ಬೇರೆ. ಮೊರಾದಾಬಾದ್‌ನಂಥ ಊರಿನಲ್ಲಿ ರಸ್ತೆ ಇದೆ, ಮನೆಗಳು ಅಂಟಿಕೊಂಡೇ ಇವೆ. ಬಾಗಿಲು ಮಾತ್ರ ಮುಚ್ಚಿತ್ತು. ಹನಿ ಹಾಕಿಸಿದರೆ ಮಕ್ಕಳು ಮುಂದೆ ಬಂಜೆಯಾಗುತ್ತಾರೆ, ಇದು ನಮ್ಮ ಸಂಖ್ಯೆ ಕಡಿಮೆ ಮಾಡುವ ಹುನ್ನಾರ ಅನ್ನುವ ಗಾಳಿಮಾತು ಬಡ ಮುಸ್ಲಿಂ ಓಣಿಗಳಲ್ಲಿ ಹಬ್ಬಿತ್ತು. ಇದನ್ನು ಸುಮ್ನೆ ಮೂಢನಂಬಿಕೆ ಅಂತ ತಳ್ಳಿಹಾಕುವುದು ತಪ್ಪು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಇದೇ ಭಾಗದಲ್ಲಿ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆ ಕಂಡವರು ಆಗಿನ್ನೂ ಬದುಕಿದ್ದರು. ಚರಂಡಿ ಇಲ್ಲ, ಕುಡಿಯುವ ನೀರಿಲ್ಲ, ಜ್ವರ ಬಂದರೆ ಡಾಕ್ಟರಿಲ್ಲ. ಆದರೆ ಒಂದೇ ಒಂದು ರೋಗಕ್ಕೆ ಮಾತ್ರ ಸರ್ಕಾರ ತಿಂಗಳು ತಿಂಗಳು ಮನೆಗೆ ಬರುತ್ತದೆ, ಅದೂ ಬಿಟ್ಟಿಯಾಗಿ. ಯಾಕೆ ಅಂತ ಕೇಳುವುದು ಸಹಜ ತಾನೇ?

ಅನುಮಾನಕ್ಕೆ ಇನ್ನೊಂದು ಕಾರಣವೂ ಇತ್ತು. ಹನಿ ಅಲ್ಲಿ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಎಂಟು ಹತ್ತು ಸಲ ಹನಿ ಬಿದ್ದ ಮಕ್ಕಳಿಗೂ ಪೋಲಿಯೊ ಬಂದಿತ್ತು. ಕೊಳಕು ನೀರು, ಮತ್ತೆ ಮತ್ತೆ ಭೇದಿ, ಕರುಳಿನ ತುಂಬ ಬೇರೆ ಸೋಂಕುಗಳು. ಇವುಗಳ ನಡುವೆ ಲಸಿಕೆಯ ವೈರಸ್‌ಗೆ ಕರುಳಿನಲ್ಲಿ ನೆಲೆ ಸಿಗುತ್ತಿರಲಿಲ್ಲ. 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಮೂರೂ ಬಗೆ ಸೇರಿದ ಹಳೆಯ ಹನಿಯ ಒಂದು ಡೋಸ್ ಮೊದಲ ಬಗೆಯ ಪೋಲಿಯೊದಿಂದ ಕೊಡುತ್ತಿದ್ದ ರಕ್ಷಣೆ ಉತ್ತರ ಪ್ರದೇಶದಲ್ಲಿ ನೂರಕ್ಕೆ ಸುಮಾರು 9 ಮಾತ್ರ. ದೇಶದ ಉಳಿದ ಭಾಗದಲ್ಲಿ ಅದು ಸುಮಾರು 21. "ಇಷ್ಟು ಸಲ ಹಾಕಿಸಿದ್ವಲ್ಲ, ಮತ್ತೆ ಯಾಕೆ?" ಅಂತ ಕೇಳಿದ ತಾಯಿಯ ಪ್ರಶ್ನೆಯಲ್ಲಿ ವಿಜ್ಞಾನವೇ ಇತ್ತು.

ಎರಡು ಕಡೆಯಿಂದ ಉತ್ತರ ಬಂತು. ಲಸಿಕೆ ಬದಲಾಯಿತು. 2005ರಿಂದ ಒಂದೇ ಬಗೆಯ ಹನಿ, 2010ರ ಜನವರಿಯಿಂದ ಮೊದಲ ಮತ್ತು ಮೂರನೇ ಬಗೆ ಸೇರಿದ ಹನಿ ಬಳಕೆಗೆ ಬಂದವು. ಇವು ಹಳೆಯದಕ್ಕಿಂತ ಚೆನ್ನಾಗಿ ಕೆಲಸ ಮಾಡಿದವು.

ಬಾಗಿಲು ತಟ್ಟುವವರೂ ಬದಲಾದರು. ನನಗೆ ಲಸಿಕೆಗಿಂತ ಇದೇ ದೊಡ್ಡ ಬದಲಾವಣೆ ಅನ್ನಿಸುತ್ತದೆ. ಯುನಿಸೆಫ್ ಮತ್ತು ಇತರ ಸಂಸ್ಥೆಗಳು ಸೇರಿ ಅದೇ ಓಣಿಯ ಹೆಂಗಸರನ್ನೇ ಕೆಲಸಕ್ಕೆ ತೆಗೆದುಕೊಂಡವು. ಒಬ್ಬೊಬ್ಬರಿಗೆ 400–500 ಮನೆ. ಅವರ ಬಳಿ ಒಂದು ಪುಸ್ತಕ. ಯಾರ ಮನೆಯಲ್ಲಿ ಎಷ್ಟು ಮಕ್ಕಳು, ಯಾರು ಬಸುರಿ, ಯಾವ ತಿಂಗಳು ಹೆರಿಗೆ, ಯಾರು ಹನಿ ಬೇಡ ಅಂದರು, ಯಾಕೆ ಅಂದರು, ಎಲ್ಲ ಅದರಲ್ಲಿ. ಮಗು ಹುಟ್ಟುವ ಮೊದಲೇ ಅದಕ್ಕೆ ಪಟ್ಟಿಯಲ್ಲಿ ಜಾಗ ಸಿಕ್ಕಿತ್ತು. ಮಸೀದಿಯಿಂದ ಇಮಾಮರು ಕೂಗಿ ಹೇಳಿದರು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲಿಯಾದಂಥ ಸಂಸ್ಥೆಗಳ ಜನ ಮನೆಮನೆಗೆ ಬಂದು ಕೂತು ಮಾತಾಡಿದರು. ಟಿವಿಯಲ್ಲಿ ಅಮಿತಾಭ್ ಬಚ್ಚನ್ ಗದರಿಸಿದ್ದು ಎಲ್ಲರಿಗೂ ನೆನಪಿದೆ. ಆದರೆ ಮುಚ್ಚಿದ ಬಾಗಿಲು ತೆರೆಸಿದವಳು ಪಕ್ಕದ ಮನೆಯ ಆಪಾ, ಅಂದರೆ ಅಕ್ಕ.

ಆ ಕಾಲದ ಒಂದು ರೂಢಿ ನನಗೆ ತುಂಬ ಹಿಡಿಸುತ್ತದೆ. ಎಲ್ಲ ಮಕ್ಕಳಿಗೂ ಹನಿ ಬಿದ್ದ ಮನೆಯ ಗೋಡೆಗೆ "ಪಿ" ಅಂತ ಬರೆಯುತ್ತಿದ್ದರು. ಮಗು ಮನೆಯಲ್ಲಿಲ್ಲ, ಬಾಗಿಲು ಹಾಕಿದೆ, ಹನಿ ಬೇಡ ಅಂದರು ಅನ್ನುವ ಮನೆಗೆ "ಎಕ್ಸ್". ಸಂಜೆ ಸಭೆಯಲ್ಲಿ ಎಷ್ಟು ಮಕ್ಕಳಿಗೆ ಹಾಕಿದಿರಿ ಅನ್ನುವುದಕ್ಕಿಂತ, ಇವತ್ತಿನ ಎಕ್ಸ್ ಮನೆಗಳು ಎಷ್ಟು, ನಾಳೆ ಅವು ಪಿ ಆಗುವುದು ಹೇಗೆ ಅನ್ನುವುದೇ ಜಾಸ್ತಿ ಚರ್ಚೆಯಾಗುತ್ತಿತ್ತು. ಪ್ರಶ್ನೆಯೂ ಬದಲಾಯಿತು. "ಮಕ್ಕಳು ಇದ್ದಾರಾ" ಅಂತ ಕೇಳಿದರೆ ಸಾಲದು. ಈ ಮನೆಯಲ್ಲಿ ಎಷ್ಟು ಸಂಸಾರ? ನೆಂಟರು ಬಂದಿದ್ದಾರಾ? ಮಲಗಿರುವ ಮಗು, ಹುಷಾರಿಲ್ಲದ ಮಗು, ಈಗಷ್ಟೇ ಹುಟ್ಟಿದ ಕೂಸು ಇದೆಯಾ?

2009ರಲ್ಲಿ ವೈರಸ್ ಗಟ್ಟಿಯಾಗಿ ಕೂತಿದ್ದ 107 ಬ್ಲಾಕ್‌ಗಳನ್ನು ಗುರುತಿಸಿದರು, ಉತ್ತರ ಪ್ರದೇಶದ 66, ಬಿಹಾರದ 41. ಅಲ್ಲಿ ಹನಿಯ ಜೊತೆಗೆ ಕೈತೊಳೆಯುವುದು, ಶೌಚಾಲಯ, ಭೇದಿಗೆ ಓಆರ್‌ಎಸ್ ಮತ್ತು ಜಿಂಕ್, ಎದೆಹಾಲು, ಉಳಿದ ಲಸಿಕೆಗಳು ಎಲ್ಲದರ ಬಗ್ಗೆಯೂ ಕೆಲಸ ಮಾಡಿದರು. 2010ರಲ್ಲಿ ಪ್ರಕರಣಗಳು 42ಕ್ಕೆ ಇಳಿದವು. 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಹೆಣ್ಣುಮಗುವಿಗೆ ಬಂದಿದ್ದೇ ದೇಶದ ಕೊನೆಯ ಕಾಡು ಪೋಲಿಯೊ. 2014ರ ಮಾರ್ಚ್ 27ರಂದು ಭಾರತ ಸೇರಿದ ಇಡೀ ಆಗ್ನೇಯ ಏಷ್ಯಾ ವಲಯಕ್ಕೆ ಪೋಲಿಯೊ ಮುಕ್ತ ಪ್ರಮಾಣಪತ್ರ ಸಿಕ್ಕಿತು.

ಶಾಯಿ ಇದೆ, ಹನಿ ಇಲ್ಲ

ಹಾಗಾದರೆ ಪಾಕಿಸ್ತಾನಕ್ಕೆ ಯಾಕೆ ಆಗುತ್ತಿಲ್ಲ? ಅಲ್ಲಿ ಪ್ರಯತ್ನ ಕಡಿಮೆ ಏನಿಲ್ಲ. ಒಂದು ದೇಶವ್ಯಾಪಿ ಸುತ್ತಿನಲ್ಲಿ ಸುಮಾರು 4 ಲಕ್ಷ ಕಾರ್ಯಕರ್ತರು 4.5 ಕೋಟಿ ಮಕ್ಕಳ ಬಾಗಿಲಿಗೆ ಹೋಗುತ್ತಾರೆ. 2021ರಲ್ಲಿ ಒಂದೇ ಒಂದು ಪ್ರಕರಣ ಬಂದಿತ್ತು. ಮುಗಿದೇ ಹೋಯಿತು ಅಂದುಕೊಂಡಿದ್ದರು. 2024ರಲ್ಲಿ 74 ಮಕ್ಕಳಿಗೆ ಬಂತು. 2025ರಲ್ಲೂ 30ರ ಆಸುಪಾಸು, ಹೆಚ್ಚಿನವು ಖೈಬರ್ ಪಖ್ತೂನ್‌ಖ್ವಾದ ದಕ್ಷಿಣ ಭಾಗದಲ್ಲಿ. ಬನ್ನು, ಲಕ್ಕಿ ಮರ್ವತ್, ವಜೀರಿಸ್ತಾನದ ಕಡೆ.

ಅಲ್ಲಿನ ನಂಬಿಕೆ ಒಡೆದಿದ್ದಕ್ಕೆ ಹೊರಗಿನವರ ಪಾಲೂ ದೊಡ್ಡದು. 2011ರಲ್ಲಿ ಒಸಾಮಾ ಬಿನ್ ಲಾಡೆನ್‌ನನ್ನು ಹುಡುಕಲು ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಅಬೊಟಾಬಾದ್‌ನಲ್ಲಿ ಹೆಪಟೈಟಿಸ್ ಬಿ ಲಸಿಕೆಯ ನಾಟಕ ಆಡಿಸಿತು. ಲಸಿಕೆಯವರು ಗೂಢಚಾರರು ಅನ್ನುವ ಗಾಳಿಮಾತು ಅಲ್ಲಿಗೆ ನಿಜವಾಗಿಬಿಟ್ಟಿತು. ಮುಂದಿನ ವರ್ಷ, ಡ್ರೋನ್ ದಾಳಿ ನಿಲ್ಲುವ ತನಕ ಹನಿ ಬೇಡ ಅಂತ ವಜೀರಿಸ್ತಾನದ ಉಗ್ರರು ನಿಷೇಧ ಹಾಕಿದರು. 2012ರ ಡಿಸೆಂಬರ್‌ನಲ್ಲಿ ಹನಿ ಹಾಕಲು ಹೋದ ಹೆಣ್ಣುಮಕ್ಕಳನ್ನು ಕರಾಚಿ, ಪೇಶಾವರದಲ್ಲಿ ಗುಂಡಿಟ್ಟು ಕೊಂದರು. ಇಂಥ ಕೆಲಸಕ್ಕೆ ಇನ್ನು ಲಸಿಕೆಯನ್ನು ಬಳಸುವುದಿಲ್ಲ ಅಂತ ಅಮೆರಿಕ ಮಾತು ಕೊಟ್ಟಿದ್ದು 2014ರಲ್ಲಿ. ಅದೇ ವರ್ಷ ಪಾಕಿಸ್ತಾನದಲ್ಲಿ 306 ಮಕ್ಕಳಿಗೆ ಪೋಲಿಯೊ ಬಂತು. ಕೆಲವು ದಿನದ ಒಂದು ಗುಟ್ಟಿನ ಕಾರ್ಯಾಚರಣೆಗೆ ಎಷ್ಟು ವರ್ಷ, ಎಷ್ಟು ಮಕ್ಕಳು ಬೆಲೆ ತೆತ್ತರು ಅಂತ ನೆನೆದರೆ ಸಂಕಟವಾಗುತ್ತದೆ.

2019ರ ಏಪ್ರಿಲ್‌ನಲ್ಲಿ ಇನ್ನೊಂದು ಪೆಟ್ಟು. ಪೇಶಾವರದ ಹತ್ತಿರದ ಒಂದು ಶಾಲೆಯಲ್ಲಿ ಹನಿ ಹಾಕಿಸಿಕೊಂಡ ಮಕ್ಕಳು ತಲೆತಿರುಗಿ ಬಿದ್ದರು ಅಂತ ವಿಡಿಯೊ ಹರಿದಾಡಿತು. ಅದು ಬೇಕೆಂದೇ ಮಾಡಿಸಿದ ನಾಟಕ. ನಿಜ ಗೊತ್ತಾಗುವಷ್ಟರಲ್ಲಿ ಗಾಬರಿಬಿದ್ದ ತಂದೆತಾಯಿ ಸಾವಿರಾರು ಮಕ್ಕಳನ್ನು ಆಸ್ಪತ್ರೆಗೆ ಓಡಿಸಿದ್ದರು, ಗುಂಪೊಂದು ಆರೋಗ್ಯ ಕೇಂದ್ರಕ್ಕೆ ಬೆಂಕಿ ಹಚ್ಚಿತ್ತು. ಹಿಂದಿನ ವರ್ಷ 12 ಇದ್ದ ಪ್ರಕರಣಗಳು ಆ ವರ್ಷ 147 ಆದವು.

ನಿರಾಕರಣೆ ಕಣ್ಣಿಗೆ ಕಂಡರೆ ಹೋಗಿ ಮಾತಾಡಬಹುದು. ಕಾಣದ ನಿರಾಕರಣೆ ಇನ್ನೂ ಅಪಾಯ. ಪಾಕಿಸ್ತಾನದಲ್ಲಿ ಹನಿ ಬೇಡ ಅನ್ನುವವರ ಮೇಲೆ ಪೊಲೀಸ್ ಕೇಸು, ಬಂಧನದ ಒತ್ತಡ ಬಂದ ಕಡೆ ಜನ ಬೇರೆ ದಾರಿ ಕಂಡುಕೊಂಡರು. ಕಾರ್ಯಕರ್ತೆಯನ್ನು ಬೇಡಿಕೊಂಡು, ಇಲ್ಲವೇ ಹೆದರಿಸಿ, ಹನಿ ಹಾಕಿಸದೆ ಮಗುವಿನ ಬೆರಳಿಗೆ ಶಾಯಿ ಮಾತ್ರ ಹಚ್ಚಿಸಿಕೊಂಡರು. ಅವಳೂ ಅದೇ ಊರಿನವಳು. ನಾಳೆ ಅದೇ ಬೀದಿಯಲ್ಲಿ ಬದುಕಬೇಕು. ಮೇಲಿನವರಿಗೆ ಕಾಗದದಲ್ಲಿ ಒಳ್ಳೆ ಅಂಕಿ ಬೇಕು. ಅಂಕಿ ಸಿಕ್ಕಿತು. ಆದರೆ ಚರಂಡಿ ನೀರಿನ ಮಾದರಿ ಪರೀಕ್ಷೆ ಮಾಡಿದಾಗ ವೈರಸ್ ಸಿಗುತ್ತಲೇ ಇತ್ತು. ಬೆರಳಿನ ಶಾಯಿಗೆ ಸುಳ್ಳು ಹೇಳಿಸಬಹುದು, ಚರಂಡಿ ನೀರಿಗೆ ಆಗುವುದಿಲ್ಲ.

ಅದಕ್ಕೇ ಬಲವಂತದ ಬಗ್ಗೆ ನನಗೆ ಭರವಸೆ ಇಲ್ಲ. ಅದರಿಂದ ಎಕ್ಸ್ ಮನೆ ನಿಜವಾದ ಪಿ ಆಗುವುದಿಲ್ಲ, ಸುಳ್ಳು ಪಿ ಆಗುತ್ತದೆ. ಎಷ್ಟೋ ಊರುಗಳಲ್ಲಿ ಜನ "ಮೊದಲು ಕರೆಂಟ್ ಕೊಡಿ, ನೀರು ಕೊಡಿ, ಆಮೇಲೆ ಹನಿ" ಅಂತ ಬಹಿಷ್ಕಾರ ಹಾಕುತ್ತಾರೆ. ಅವರಿಗೆ ಹನಿಯ ಮೇಲೆ ಸಿಟ್ಟಿಲ್ಲ. ಸರ್ಕಾರ ತಮ್ಮ ಬಾಗಿಲಿಗೆ ಬರುವುದು ಅದೊಂದಕ್ಕೇ. ಅದನ್ನು ತಡೆದರೆ ಮಾತ್ರ ತಮ್ಮ ಮಾತು ಕೇಳುತ್ತದೆ ಅಂತ ಅವರಿಗೆ ಗೊತ್ತಾಗಿದೆ. ಇಂಥ ಕಡೆ ಹನಿಯ ಜೊತೆ ಒಬ್ಬ ಡಾಕ್ಟರು, ಜ್ವರದ ಮಾತ್ರೆ, ಉಳಿದ ಲಸಿಕೆ ಹೋದರೆ ಬಾಗಿಲು ತೆರೆಯುವುದು ಸುಲಭ.

ಅಫ್ಘಾನಿಸ್ತಾನದ ದಕ್ಷಿಣದಲ್ಲಿ ಕಷ್ಟ ಇನ್ನೊಂದು ಬಗೆಯದು. ಅಲ್ಲಿ ಮನೆಮನೆಗೆ ಹೋಗಲು ಅನುಮತಿ ಇಲ್ಲ, ಮಸೀದಿ ಅಥವಾ ಯಾವುದೋ ಒಂದು ಜಾಗಕ್ಕೆ ಮಕ್ಕಳನ್ನು ಕರೆತರಬೇಕು. ಅಲ್ಲಿಗೆ ಬರುವುದು ನಡೆಯುವ ಮಗು. ಎಳೆಗೂಸು, ಕಾಯಿಲೆ ಮಗು ಮನೆಯಲ್ಲೇ ಉಳಿಯುತ್ತದೆ. ಹೆಣ್ಣು ಕಾರ್ಯಕರ್ತೆಯರು ಇಲ್ಲದ ಮೇಲೆ ಮನೆಯೊಳಗೆ ಹೋಗಿ ಕೇಳುವವರು ಯಾರು?

ಕಾನೊದಿಂದ ಬೋರ್ನೊಗೆ

ನೈಜೀರಿಯಾ ಇವೆರಡು ಪಾಠವನ್ನೂ ಕಲಿತು ದಾಟಿದ ದೇಶ. 2003ರಲ್ಲಿ ಕಾನೊ ರಾಜ್ಯ ಲಸಿಕೆಯನ್ನೇ ನಿಲ್ಲಿಸಿತು. ಅಲ್ಲೂ ಅದೇ ಬಂಜೆತನದ ಭಯ. ಮುಸ್ಲಿಮರೇ ಹೆಚ್ಚಿರುವ ಇಂಡೋನೇಷ್ಯಾದಲ್ಲಿ ತಯಾರಾದ ಲಸಿಕೆ ತಂದ ಮೇಲೆ, 2004ರ ಜುಲೈನಲ್ಲಿ ಕೆಲಸ ಮತ್ತೆ ಶುರುವಾಯಿತು. ಅಷ್ಟರಲ್ಲಿ ಅಲ್ಲಿನ ವೈರಸ್ ಹಲವಾರು ದೇಶಗಳಿಗೆ ಹೊರಟಿತ್ತು. ಅದೇ ಇಂಡೋನೇಷ್ಯಾಕ್ಕೂ 2005ರಲ್ಲಿ ಹೋಗಿ ಮುಟ್ಟಿತು.

ಆಮೇಲೆ ಬೋಕೊ ಹರಾಮ್ ಎಂಬ ಉಗ್ರರ ಗುಂಪಿನ ಹಿಡಿತದ ಬೋರ್ನೊ ರಾಜ್ಯ. ಎರಡು ವರ್ಷ ಪೋಲಿಯೊ ಕಾಣದೆ ಇದ್ದು, 2016ರಲ್ಲಿ ಅಲ್ಲಿ ನಾಲ್ಕು ಪ್ರಕರಣ ಬಂದವು. ಯಾರೂ ಹೋಗಲಾಗದ ಹಳ್ಳಿಗಳಲ್ಲಿ ವೈರಸ್ ಸದ್ದಿಲ್ಲದೆ ಉಳಿದಿತ್ತು. ಆಗ ಉಪಗ್ರಹದ ಚಿತ್ರ ಇಟ್ಟುಕೊಂಡು ಯಾವ ಹಳ್ಳಿಯ ಚಾವಣಿಗಳು ಸುಟ್ಟು ಹೋಗಿವೆ, ಎಲ್ಲಿ ಜನ ಇನ್ನೂ ಇದ್ದಾರೆ ಅಂತ ಲೆಕ್ಕ ಹಾಕಿದರು. ದಾರಿ ತೆರೆದ ಕೆಲವೇ ಗಂಟೆಗಳಲ್ಲಿ ಒಳಗೆ ಹೋಗಿ ಹನಿ ಹಾಕಿ ಬಂದರು. ತಂಡ ನಿಜಕ್ಕೂ ಯಾವ ಹಳ್ಳಿಗೆ ಹೋಯಿತು ಅಂತ ಫೋನಿನ ಜಿಪಿಎಸ್ ತೋರಿಸುತ್ತಿತ್ತು. 2020ರ ಆಗಸ್ಟ್ 25ರಂದು ಆಫ್ರಿಕಾ ವಲಯ ಕಾಡು ಪೋಲಿಯೊದಿಂದ ಮುಕ್ತ ಅಂತ ಘೋಷಣೆಯಾಯಿತು.

ಆದರೂ ಆಫ್ರಿಕಾದ ಹಲವು ದೇಶಗಳಲ್ಲಿ ಮಕ್ಕಳಿಗೆ ಪೋಲಿಯೊ ಬರುತ್ತಿದೆ. ಇದು ಬಾಯಿಗೆ ಹಾಕುವ ಲಸಿಕೆಯಿಂದಲೇ ಹುಟ್ಟಿದ ವೈರಸ್. ಕೇಳಿ ಗಾಬರಿಯಾಗಬೇಡಿ, ಬಿಡಿಸಿ ಹೇಳುತ್ತೇನೆ. ಹನಿಯಲ್ಲಿ ಇರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಸುತ್ತಲಿನ ಮಕ್ಕಳೆಲ್ಲ ಲಸಿಕೆ ಪಡೆದಿದ್ದರೆ ಅದು ಅಲ್ಲೇ ಮುಗಿಯುತ್ತದೆ. ಬಹಳ ಮಕ್ಕಳು ಬಾಕಿ ಇದ್ದರೆ ಒಬ್ಬರಿಂದ ಒಬ್ಬರಿಗೆ ತಿಂಗಳುಗಟ್ಟಲೆ ದಾಟಿ, ಬದಲಾಗುತ್ತಾ ಬದಲಾಗುತ್ತಾ ಮತ್ತೆ ಶಕ್ತಿ ಪಡೆಯುತ್ತದೆ. 2024ರಲ್ಲಿ ಗಾಜಾದಲ್ಲಿ 25 ವರ್ಷದ ನಂತರ ಒಂದು ಮಗುವಿಗೆ ಪೋಲಿಯೊ ಬಂದಿದ್ದು ಈ ಬಗೆಯ ವೈರಸ್‌ನಿಂದ. ಯುದ್ಧದಲ್ಲಿ ಲಸಿಕೆಯ ವ್ಯವಸ್ಥೆ ಕುಸಿದಿತ್ತು, ಚರಂಡಿ ನೀರು ಡೇರೆಗಳ ನಡುವೆ ಹರಿಯುತ್ತಿತ್ತು. ಅಂದರೆ ಇಲ್ಲೂ ಮೂಲ ತೊಂದರೆ ಹನಿ ತಲುಪದ ಮಕ್ಕಳೇ.

ನಮ್ಮ ಶೆಡ್‌ಗಳು

ಭಾರತದಲ್ಲಿ ಈಗ ಹೇಗಿದೆ? ಹುಟ್ಟಿದಾಗ, 6, 10, 14 ವಾರಕ್ಕೆ ಹನಿ, ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು. ಜೊತೆಗೆ ಚುಚ್ಚುಮದ್ದು. ಚುಚ್ಚುಮದ್ದನ್ನು ಕಡಿಮೆ ಪ್ರಮಾಣದಲ್ಲಿ ಚರ್ಮದ ಪದರಕ್ಕೆ ಕೊಡುವ ಕ್ರಮವನ್ನು 2016ರಲ್ಲಿ ಮೊದಲು ಶುರು ಮಾಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹನಿ ಕರುಳಿನಲ್ಲಿ ವೈರಸ್ಸನ್ನು ತಡೆಯುತ್ತದೆ, ಚುಚ್ಚುಮದ್ದು ಮಗುವನ್ನು ಲಕ್ವದಿಂದ ಕಾಯುತ್ತದೆ. ಎರಡೂ ಬೇಕು. 2024ರಲ್ಲಿ ಮೇಘಾಲಯದ ಗಾರೊ ಬೆಟ್ಟದ ಒಂದು ಮಗುವಿನಲ್ಲಿ ಲಸಿಕೆ ಮೂಲದ ವೈರಸ್ ಸಿಕ್ಕಿತು. ಗಡಿಯ ಆಚೆ ಕಾಡು ವೈರಸ್ ಇರುವ ತನಕ ನಮಗೂ ನಿಶ್ಚಿಂತೆ ಇಲ್ಲ.

ನಮ್ಮ ರಾಜ್ಯದಲ್ಲಿ ಪಟ್ಟಿಯಿಂದ ಬಿಟ್ಟುಹೋಗುವ ಮಗು ಎಲ್ಲಿದೆ ಅಂತ ಊಹಿಸುವುದು ಕಷ್ಟವಲ್ಲ. ಯಾದಗಿರಿ, ರಾಯಚೂರಿನಿಂದ ಬೆಂಗಳೂರಿಗೆ ಗುಳೆ ಬಂದು ಕಟ್ಟಡದ ಪಕ್ಕ ತಗಡಿನ ಶೆಡ್‌ನಲ್ಲಿರುವ ಸಂಸಾರ. ಬೆಳಗಾವಿ, ಬಾಗಲಕೋಟೆಗೆ ಮಹಾರಾಷ್ಟ್ರದಿಂದ ಬರುವ ಕಬ್ಬು ಕಡಿಯುವ ಗ್ಯಾಂಗು. ಕೊಡಗಿನ ಕಾಫಿ ತೋಟದ ಲೈನ್‌ಮನೆಯಲ್ಲಿರುವ ಅಸ್ಸಾಮಿನ ಕೂಲಿಯವರು. ಇವರಲ್ಲಿ ಹೆಚ್ಚಿನವರು ಹನಿ ಬೇಡ ಅನ್ನುವವರಲ್ಲ. ಭಾನುವಾರವೂ ಕೆಲಸ ಇರುತ್ತದೆ. ಬೂತ್ ಎಲ್ಲಿದೆ ಗೊತ್ತಿಲ್ಲ. ಭಾಷೆ ಬರುವುದಿಲ್ಲ. ತಾಯಿ ಕಾರ್ಡ್ ಊರಿನ ಟ್ರಂಕಿನಲ್ಲಿದೆ. ಆಶಾ ಕಾರ್ಯಕರ್ತೆ ಬಂದಾಗ ಶೆಡ್‌ಗೆ ಬೀಗ, ಮಗು ಅಮ್ಮನ ಜೊತೆ ಮೂರನೇ ಮಹಡಿಯಲ್ಲಿ ಮರಳಿನ ಗುಡ್ಡೆ ಮೇಲೆ.

ಪಲ್ಸ್ ಪೋಲಿಯೊ ತಂಡಗಳು ಕಟ್ಟಡದ ಜಾಗ, ಭಟ್ಟಿ, ಬಸ್ ನಿಲ್ದಾಣಕ್ಕೆ ಹೋಗುತ್ತವೆ, ಅದು ಒಳ್ಳೆಯದು. ಆದರೆ ಅದು ಒಂದು ವಾರದ ಕೆಲಸ. ಉಳಿದ ದಿನಗಳಲ್ಲಿ ಅದೇ ಮಗುವಿಗೆ ದಡಾರದ ಲಸಿಕೆ, ಡಿಪಿಟಿ (ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ), ಪೋಲಿಯೊ ಚುಚ್ಚುಮದ್ದು ಸಿಗುತ್ತಿದೆಯೇ? ಜಗತ್ತಿನಲ್ಲಿ ಡಿಪಿಟಿಯ ಒಂದು ಡೋಸೂ ಕಾಣದ ಮಕ್ಕಳು 2024ರಲ್ಲಿ 1.4 ಕೋಟಿಗೂ ಹೆಚ್ಚು. ಪೋಲಿಯೊ ತಂಡ ಬರೆದಿಟ್ಟ ಪಟ್ಟಿ ಭಾನುವಾರ ಮುಗಿದ ಮೇಲೆ ಕಪಾಟು ಸೇರಿದರೆ ಅಷ್ಟು ಓಡಾಡಿದ್ದರಲ್ಲಿ ಅರ್ಧ ವ್ಯರ್ಥ.

ಶೆಡ್‌ನ ಮೇಸ್ತ್ರಿ ಬಳಿ ಕೂಲಿಗಳ ಲೆಕ್ಕದ ಪುಸ್ತಕ ಇರುತ್ತದೆ. ಯಾರು ಯಾವ ಊರಿನವರು, ಎಂದು ಬಂದರು, ಎಂದು ಹೊರಡುತ್ತಾರೆ ಅಂತ ಅವನಿಗೆ ಗೊತ್ತು. ಆಶಾ ಕಾರ್ಯಕರ್ತೆ ಬೆಳಿಗ್ಗೆ ಹತ್ತಕ್ಕೆ ಹೋಗುವ ಬದಲು, ಸಂಜೆ ಕೂಲಿ ಬಟವಾಡೆ ಹೊತ್ತಿಗೆ ಹೋದರೆ ಎಲ್ಲರೂ ಒಂದೇ ಕಡೆ ಸಿಗುತ್ತಾರೆ. ಹಾಗೆ ಹೋಗುವವಳಿಗೆ ಓಡಾಟದ ಖರ್ಚು, ಹೆಚ್ಚಿನ ಹೊತ್ತಿನ ದುಡ್ಡು ಸಿಗಬೇಕು, ಅವಳ ಪ್ರೀತಿಯ ಮೇಲೆ ಎಲ್ಲ ಬಿಡುವುದು ಸರಿಯಲ್ಲ. ಕಬ್ಬಿನ ಹಂಗಾಮು ಮುಗಿದು ಗ್ಯಾಂಗು ಊರಿಗೆ ಹೊರಡುವ ಮೊದಲು, ಯಾವ ಲಸಿಕೆ ಆಗಿದೆ, ಯಾವುದು ಬಾಕಿ ಇದೆ ಅಂತ ಒಂದು ಕಾರ್ಡ್‌ನಲ್ಲಿ ಬರೆದು ತಾಯಿಯ ಕೈಗೆ ಕೊಟ್ಟರೆ, ಮುಂದಿನ ಊರಿನ ಆಶಾ ಅಲ್ಲಿಂದಲೇ ಶುರು ಮಾಡಬಹುದು.